ಅರವತ್ತು ಪೊರಕೆ ಹೆಚ್ಚಾಯಿತು

ಕಡೂರಿನ ತರಬೇತಿಯಲ್ಲಿ ನಾನೇ ಕೂತು ಬರೆದ ಒಂದು ತಪಾಸಣೆ ಪಟ್ಟಿ, ಎರಡು ತಿಂಗಳ ಮೇಲೆ ತರೀಕೆರೆಯ ಗೋಡೌನಿನಲ್ಲಿ ಹದಿಮೂರು ಹೆಂಗಸರ ಕುತ್ತಿಗೆಗೆ ಬಂತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಲಾಖೆಯ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸರ್ಕಾರಿ ಖರೀದಿ ಮಾಡುವವರಿಗೆ ಪಾಠ ಹೇಳುವುದು ನನ್ನ ಕೆಲಸ. ಕೋರ್ಸಿನ ಹೆಸರು ಸಾಮಾಜಿಕ ಮತ್ತು ಸುಸ್ಥಿರ ಖರೀದಿ. ಹೆಸರು ಕೇಳಿ ಹೆದರಬೇಕಾಗಿಲ್ಲ. ಒಂದು ಸಾಮಾನು ಕೊಳ್ಳುವಾಗ ಯಾರ ದರ ಕಡಿಮೆ ಎಂದಷ್ಟೇ ನೋಡಬೇಡಿ, ಅದನ್ನು ಯಾರು ಮಾಡಿದರು, ಎಷ್ಟು ದಿನ ಬಾಳುತ್ತದೆ, ಸವೆದ ಮೇಲೆ ಎಲ್ಲಿ ಹೋಗಿ ಬೀಳುತ್ತದೆ ಅಂತಲೂ ಕೇಳಿ. ಇಷ್ಟೇ ವಿಷಯ, ಇದನ್ನು ಮೂರು ದಿನ ಹೇಳುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಾಸ್ಟೆಲ್ ವಾರ್ಡನ್‌ಗಳು, ಪಿಡಿಒಗಳು, ಸ್ಟೋರಿನ ಗುಮಾಸ್ತರಿಗೆ ಮೂರು ತಂಡಗಳಲ್ಲಿ ತರಬೇತಿ ಎಂದು ನಿಗದಿಯಾಯಿತು. ನನ್ನ ಮನೆ ಬೀರೂರಿನಲ್ಲಿದೆ. ಬಸ್ಸೋ ರೈಲೋ ಹತ್ತಿ ಓಡಾಡಿಕೊಂಡಿರುತ್ತಾಳೆ ಎಂದು ಮೂರನ್ನೂ ನನ್ನ ತಲೆಗೇ ಕಟ್ಟಿದರು.

ಮೊದಲ ತಂಡದ ತರಬೇತಿ ಕಡೂರಿನಲ್ಲಿ, ಮೂರೂ ತಾಲ್ಲೂಕಿನವರು ಅದರಲ್ಲಿ ಬೆರೆತಿದ್ದರು. ಎರಡನೇ ದಿನ ಟೆಂಡರಿಗೆ ಬೇಕಾದ ವಿವರಣೆ ಬರೆಯುವ ಅಭ್ಯಾಸ ಇಟ್ಟಿದ್ದೆ. ಯಾವ ಸಾಮಾನು ತೆಗೆದುಕೊಳ್ಳೋಣ ಎಂದಾಗ ಅಜ್ಜಂಪುರದ ಕಡೆಯ ಒಬ್ಬ ವಾರ್ಡನ್, ಐವತ್ತು ದಾಟಿದ ಹೆಂಗಸು, ಎದ್ದು ನಿಂತರು.

"ಪೊರಕೆ ತಗೊಳ್ರಿ ಮೇಡಂ. ನಮಗೆ ವರ್ಷಾ ವರ್ಷಾ ಪ್ಲಾಸ್ಟಿಕ್ ಪೊರಕೆ ಕಳಿಸ್ತಾರೆ. ಒಂದ್ ತಿಂಗಳಿಗೆ ಕೂದ್ಲು ಉದುರಿ ಬರೀ ಹಿಡಿ ಉಳೀತದೆ. ಅಂಗಳ ಗುಡ್ಸೋಕೆ ನಾನು ಕೈಯಿಂದ ದುಡ್ಡು ಹಾಕಿ ಸಂತೇಲಿ ಕಡ್ಡಿ ಪೊರಕೆ ತರ್ತೀನಿ."

ಎಲ್ಲರೂ ನಕ್ಕರು, ಆದರೆ ಎಲ್ಲರ ಕಥೆಯೂ ಅದೇ. ಸುತ್ತ ತೆಂಗು ಇರುವ ಸೀಮೆಯಲ್ಲಿ ಕೂತು ಎಲ್ಲಿಂದಲೋ ಪ್ಲಾಸ್ಟಿಕ್ ಪೊರಕೆ ತರಿಸಿಕೊಳ್ಳುತ್ತಿದ್ದೆವು. ಆ ಮಧ್ಯಾಹ್ನ ಇಡೀ ತಂಡ ಕೂತು ವಿವರಣೆ ಬರೆಯಿತು: ತೆಂಗಿನ ಕಡ್ಡಿಯ ಪೊರಕೆ, ಕಡ್ಡಿಯ ಉದ್ದ ಎರಡೂವರೆ ಅಡಿಗೆ ಕಡಿಮೆ ಇರಬಾರದು, ಒಂದು ಪೊರಕೆಯ ತೂಕ ಅರ್ಧ ಕೆಜಿ, ಕಟ್ಟು ತೆಂಗಿನ ಹುರಿಯದ್ದೇ ಆಗಬೇಕು, ಹತ್ತಕ್ಕೆ ಒಂದು ಕಟ್ಟು. ಮೂರನೇ ದಿನ ಸಾಮಾನು ಬಂದಾಗ ಹೇಗೆ ತಪಾಸಣೆ ಮಾಡಬೇಕೆಂಬ ಪಟ್ಟಿಯನ್ನು ನಾನೇ ಬರೆದೆ. ಅದರ ಏಳನೇ ಅಂಶ ಹೀಗಿತ್ತು: ಮಾದರಿಗೆ ತೆಗೆದ ಕಟ್ಟುಗಳಲ್ಲಿ ಎರಡಕ್ಕಿಂತ ಹೆಚ್ಚು ಕಟ್ಟುಗಳ ಎಣಿಕೆಯಲ್ಲಿ ವ್ಯತ್ಯಾಸ ಕಂಡರೆ ಇಡೀ ಲಾಟ್ ತಿರಸ್ಕರಿಸಬೇಕು. ಕಡಿಮೆ ಹಾಕಿ ಮೋಸ ಮಾಡುವ ಗುತ್ತಿಗೆದಾರರನ್ನು ಕಂಡು ಕಂಡು ಬರೆದ ಸಾಲು ಅದು. ಹೆಚ್ಚು ಹಾಕುವವರೂ ಇರುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ತರೀಕೆರೆ ಗೋಡೌನಿನ ಸ್ಟೋರ್ ಕೀಪರ್ ಆ ತಂಡದಲ್ಲಿದ್ದರು. ನಲವತ್ತರ ಆಸುಪಾಸಿನ ಮನುಷ್ಯ. ನಾನು ಹೇಳಿದ ಪ್ರತಿ ಮಾತನ್ನೂ ಬರೆದುಕೊಂಡು, ಕೊನೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದರು. ಇಂಥ ಇನ್ನೂ ನಾಲ್ಕು ಜನ ಸಿಕ್ಕಿದರೆ ಸಾಕು ಎಂದು ನಾನು ಹಿಗ್ಗಿದ್ದೆ.

ಕಾಗದದ ಮೇಲಿನ ಅಭ್ಯಾಸ ನಿಜವಾದ ಆರ್ಡರ್ ಆಗುವುದು ನನ್ನ ಅನುಭವದಲ್ಲಿ ಅಪರೂಪ. ಈ ಸಲ ಆಯಿತು. ಮೂರು ತಾಲ್ಲೂಕಿನ ಹಾಸ್ಟೆಲ್‌ಗಳಿಗೆ ಆರುನೂರು ಕಡ್ಡಿ ಪೊರಕೆ, ಮಹಿಳಾ ಸಂಘಗಳಿಗೆ ಮಾತ್ರ ಮೀಸಲು, ತಪಾಸಣೆಗೆ ನನ್ನ ಪಟ್ಟಿಯೇ. ಸಿಂಗಟಗೆರೆ ಕಡೆಯ ಒಂದು ಹಳ್ಳಿಯ ಸಂಘಕ್ಕೆ ಅದು ಸಿಕ್ಕಿತು. ಅವರು ಸರ್ಕಾರಕ್ಕೆ ಏನಾದರೂ ಮಾರಿದ್ದು ಅದೇ ಮೊದಲು. ಹದಿಮೂರು ಜನ ಸದಸ್ಯರಲ್ಲಿ ಅರ್ಧಕ್ಕರ್ಧ ಜನಕ್ಕೆ ಇದರಲ್ಲಿ ನಂಬಿಕೆಯೇ ಇರಲಿಲ್ಲ. ಸಂಘದ ಅಧ್ಯಕ್ಷೆ ಮನೆ ಮನೆಗೆ ಹೋಗಿ, ನಾನಿದ್ದೀನಿ ಎಂದು ಮಾತು ಕೊಟ್ಟು, ಕೂಲಿ ಬಿಡಿಸಿ ಅವರನ್ನು ಕೂರಿಸಿದ್ದರು.

ನಾನು ಒಂದು ದಿನ ಅಲ್ಲಿಗೆ ಹೋದೆ. ಶಾಲೆಯ ಪಕ್ಕದ ಸಮುದಾಯ ಭವನದಲ್ಲಿ ಗರಿಯಿಂದ ಕಡ್ಡಿ ಸೀಳುತ್ತಾ, ಚೂರಿಯಲ್ಲಿ ಹೆರೆಯುತ್ತಾ, ನೆರಳಲ್ಲಿ ಒಣಗಲು ಹರಡುತ್ತಾ ಇದ್ದರು. ಬೆರಳ ತುದಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದರು. ಪೊರಕೆ ಒಂದೊಂದೂ ಗಟ್ಟಿಯಾಗಿ, ಕೈಗೆ ಸರಿಯಾಗಿ ಕೂರುವಂತಿತ್ತು. ನಾನು ಮೂರು ಸಲ ಹೇಳಿದೆ: ಹತ್ತಕ್ಕೆ ಒಂದು ಕಟ್ಟು, ಅರವತ್ತು ಕಟ್ಟು, ಎಣಿಸಿ ಕಟ್ಟಿ, ಒಂದೂ ಕಡಿಮೆ ಬೀಳಬಾರದು.

"ಕಮ್ಮಿ ಯಾಕ್ ಬೀಳ್ತದೆ ಮೇಡಮ್ಮೋರೇ? ನಾವೇನು ಅಂಥೋರಾ?" ಎಂದರು ಅಧ್ಯಕ್ಷೆ. ನಲವತ್ತೈದರ ಹೆಂಗಸು, ಮಾತು ಸ್ವಲ್ಪ ಖಡಕ್ಕು. ನನಗೆ ಅವರ ಮಾತಿನಲ್ಲಿ ಕೇಳಿಸಬೇಕಾದದ್ದು ಕೇಳಿಸಲಿಲ್ಲ. ಟೀ ಕುಡಿದು ಬಂದುಬಿಟ್ಟೆ.

ಎರಡನೇ ತಂಡದ ತರಬೇತಿ ತರೀಕೆರೆಯಲ್ಲಿ. ಎರಡನೇ ದಿನ ಬೆಳಿಗ್ಗೆ ಹತ್ತೂವರೆಗೆ ಅಧ್ಯಕ್ಷೆಯ ಫೋನ್ ಬಂತು. ತರಗತಿಯಲ್ಲಿ ನಾನು ಫೋನ್ ತೆಗೆಯುವುದಿಲ್ಲ. ಮತ್ತೆ ಬಂತು, ಮೂರನೇ ಸಲವೂ ಬಂತು. ಹೊರಗೆ ಹೋಗಿ ಎತ್ತಿದೆ.

"ಮೇಡಮ್ಮೋರೇ, ನಮ್ಮ ಮಾಲು ವಾಪಸ್ ತಗೊಂಡೋಗಿ ಅಂತಾವ್ರೆ. ಒಳಗಡೆ ಇಳ್ಸಿದ್ದನ್ನ ಆಚೆ ಹಾಕಿದ್ರು. ನಾವೇನ್ ತಪ್ಪು ಮಾಡಿದ್ವಿ ಅಂತಾನೂ ಹೇಳ್ತಿಲ್ಲ. ಒಂದ್ ಕಾಗದ ಕೊಟ್ಟವ್ರೆ."

ಗೋಡೌನ್ ತರಬೇತಿಯ ಹಾಲ್‌ನಿಂದ ಐದು ನಿಮಿಷದ ದಾರಿ. ತಂಡಕ್ಕೆ ಒಂದು ಅಭ್ಯಾಸ ಕೊಟ್ಟು ಓಡಿದೆ. ಗೇಟಿನ ಒಳಗೆ ಲಗೇಜ್ ಗಾಡಿ ನಿಂತಿತ್ತು. ಸಿಮೆಂಟ್ ಕಟ್ಟೆಯ ಮೇಲೆ ಪೊರಕೆಯ ಕಟ್ಟುಗಳು, ಅದರ ಪಕ್ಕದಲ್ಲಿ ಅಧ್ಯಕ್ಷೆ ಮತ್ತು ಇನ್ನಿಬ್ಬರು ಹೆಂಗಸರು. ಅವರ ಕೈಯಲ್ಲಿದ್ದ ತಿರಸ್ಕಾರ ಪತ್ರ ಇಸಿದುಕೊಂಡು ಓದಿದೆ. ಕಾರಣ ಎಂಬಲ್ಲಿ ಒಂದೇ ಸಾಲು: ಏಳನೇ ಅಂಶದ ಪ್ರಕಾರ ಎಣಿಕೆಯಲ್ಲಿ ವ್ಯತ್ಯಾಸ, ಮಾದರಿಯ ಆರೂ ಕಟ್ಟುಗಳಲ್ಲಿ ಹನ್ನೊಂದು ಪೊರಕೆ.

ಹತ್ತರ ಕಟ್ಟಿನಲ್ಲಿ ಹನ್ನೊಂದು. ಅರವತ್ತು ಕಟ್ಟಿಗೆ ಅರವತ್ತು ಪೊರಕೆ ಹೆಚ್ಚು.

ನನಗೆ ಮೊದಲು ಸಿಟ್ಟು ಬಂದದ್ದು ಆ ಹೆಂಗಸರ ಮೇಲೆಯೇ. ಇದನ್ನು ಮುಚ್ಚಿಡುವುದಿಲ್ಲ. "ಮೂರ್ ಸಲ ಹೇಳಿದ್ದೆ, ಹತ್ತು ಅಂತ! ಹತ್ತು ಎಣಿಸೋಕೆ ಬರಲ್ವಾ ನಿಮಗೆ?" ಎಂದು ಎಲ್ಲರೆದುರು ಕೂಗಿದೆ. ಅಧ್ಯಕ್ಷೆ ನನ್ನ ಮುಖವನ್ನೇ ನೋಡಿದರು.

"ಎಣಿಸೇ ಹಾಕಿದ್ದೀವಿ ಮೇಡಮ್ಮೋರೇ. ಹತ್ತು ನಿಮ್ಮ ಲೆಕ್ಕಕ್ಕೆ, ಒಂದು ನಮ್ಮ ಮರ್ಯಾದೆಗೆ. ಮೇಲೊಂದು ಕೊಸರು ಹಾಕ್ದೆ ಹೆಂಗ್ ಕೊಡೋದು? ಬರೀ ಹತ್ತು ಕಟ್ಟಿ ಕೊಟ್ರೆ ನೋಡಿದೋರು ಏನಂತಾರೆ?"

ನನಗೆ ಗೊತ್ತಿರದ ವಿಷಯವೇ ಅದು? ತೆಂಗಿನಕಾಯಿ ನೂರು ಎಣಿಸಿ ಮೇಲೆ ನಾಲ್ಕು ಹಾಕುವುದನ್ನು, ಸಂತೆಯಲ್ಲಿ ಸೊಪ್ಪಿನ ಕಟ್ಟಿನ ಜೊತೆಗೆ ಒಂದು ಹಿಡಿ ಕೊತ್ತಂಬರಿ ತುರುಕುವುದನ್ನು ನೋಡಿಕೊಂಡೇ ಬೆಳೆದವಳು ನಾನು. ಕೊಸರು ಕೊಡದ ಅಂಗಡಿಗೆ ನನ್ನ ತಾಯಿ ಎರಡನೇ ಸಲ ಹೋಗುತ್ತಿರಲಿಲ್ಲ. ಆದರೂ ಪಟ್ಟಿ ಬರೆಯುವಾಗ ನಾನು ಯಾವುದೋ ಬೇರೆ ದೇಶದವಳ ಹಾಗೆ ಬರೆದಿದ್ದೆ. ಕೊಳ್ಳುವವರಿಗೆ ಮೂರು ದಿನ ಪಾಠ ಹೇಳಿ, ಮಾರುವವರಿಗೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಕೊಟ್ಟಿದ್ದೆ.

ಸ್ಟೋರ್ ಕೀಪರ್ ಒಳಗೆ ಮೇಜಿನ ಹಿಂದೆ ಕೂತಿದ್ದರು. ನನ್ನನ್ನು ಕಂಡೊಡನೆ ಎದ್ದರು.

"ನಿಮ್ಮ ಪಟ್ಟಿ ಪ್ರಕಾರಾನೇ ಮಾಡಿದ್ದೀನಿ ಮೇಡಂ. ಚಲನ್‌ನಲ್ಲಿ ಆರುನೂರು, ಮಾಲು ಆರುನೂರ ಅರವತ್ತು. ಆಡಿಟ್‌ನೋರು ಬಂದು ಆ ಅರವತ್ತು ಎಲ್ಲಿಂದ ಬಂತು, ಯಾರಿಗೆ ಇಟ್ಕೊಂಡಿದ್ದೀಯ ಅಂದ್ರೆ ನಾನೇನ್ ಹೇಳ್ಲಿ?"

ಅವರ ಭಯ ಸುಳ್ಳಲ್ಲ. ಆದರೆ ತಿರಸ್ಕಾರವಾದರೆ ಸಂಘದ ಹೆಸರು ಖರೀದಿ ಪೋರ್ಟಲ್‌ನಲ್ಲಿ ವಿಫಲ ಪೂರೈಕೆದಾರರ ಪಟ್ಟಿಗೆ ಹೋಗುತ್ತದೆ, ಎರಡು ವರ್ಷ ಯಾವ ಟೆಂಡರಿಗೂ ಅರ್ಜಿ ಹಾಕುವಂತಿಲ್ಲ. ಎರಡು ವರ್ಷದ ಮೇಲೆ ಆ ಹೆಂಗಸರನ್ನು ಯಾವ ಅಧ್ಯಕ್ಷೆ ತಾನೇ ಮತ್ತೆ ಕೂರಿಸಬಲ್ಲಳು? ಆಕ್ಷೇಪಣೆ ಸಲ್ಲಿಸಲು ಮೂರು ದಿನ ಇತ್ತು. ನಾನು ಹಾಸ್ಟೆಲ್‌ಗಳನ್ನು ನೋಡಿಕೊಳ್ಳುವ ಇಲಾಖೆಯ ಸಹಾಯಕ ನಿರ್ದೇಶಕರಿಗೆ ಫೋನ್ ಮಾಡಿ ಕೊಸರಿನ ವಿಷಯ ಹೇಳಿದೆ. ಅವರು ಆ ದಿನ ತರೀಕೆರೆಯಲ್ಲೇ ಇದ್ದರು.

ಅವರು ನಗುತ್ತಲೇ ಮಾತಾಡಿದರು. "ಅದು ಆಮಿಷ ಆಗಲ್ವಾ ಮೇಡಂ? ಹೆಚ್ಚಿಗೆ ಕೊಟ್ಟು ಮುಂದಿನ ಆರ್ಡರ್ ಹಿಡಿಯೋದು. ಪೂರೈಕೆದಾರರಿಂದ ಉಡುಗೊರೆ ತಗೋಬಾರದು ಅಂತ ನಿಮ್ಮ ಪಾಠದಲ್ಲೇ ಇದೆಯಲ್ಲ? ನಾನು ಮೊದಲೇ ಹೇಳಿದ್ದೆ, ಈ ಸಂಘಗಳ ಕೈಲಿ ಸರ್ಕಾರಿ ಸಪ್ಲೈ ಆಗಲ್ಲ."

ಬೆರಳಿಗೆ ಬಟ್ಟೆ ಸುತ್ತಿಕೊಂಡು ಕಡ್ಡಿ ಹೆರೆದವರು ಇವರ ಕಣ್ಣಿಗೆ ಲಂಚ ಕೊಡುವವರು! ಅದನ್ನು ಹೇಳಲು ಅವರು ಹಿಡಿದುಕೊಂಡದ್ದು ನಾನು ತೋರಿಸಿದ ಸ್ಲೈಡನ್ನು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಸಭ್ಯವಾಗಿಯಂತೂ ಇರಲಿಲ್ಲ.

ಗೋಡೌನಿನಿಂದ ಹೊರಬರುವಾಗ ಬಾಗಿಲ ಬಳಿ ಜೋಡಿಸಿದ್ದ ರಟ್ಟಿನ ಪೆಟ್ಟಿಗೆಗಳು ಕಣ್ಣಿಗೆ ಬಿದ್ದವು. ಹಳೇ ಗುತ್ತಿಗೆದಾರನ ಪ್ಲಾಸ್ಟಿಕ್ ಪೊರಕೆಗಳು, ಹೋದ ತಿಂಗಳು ಸ್ವೀಕರಿಸಿದ್ದು. ಹೊರಗೆ ಇಪ್ಪತ್ತನಾಲ್ಕು ಎಂದು ಅಚ್ಚಾಗಿತ್ತು. ಟೇಪು ಒಂದೂ ಕಿತ್ತಿರಲಿಲ್ಲ.

"ಇದನ್ನ ಎಣಿಸಿದ್ರಾ?" ಎಂದು ಕೇಳಿದೆ.

"ಸೀಲ್ ಇತ್ತಲ್ಲ ಮೇಡಂ."

"ಸೀಲ್ ಹಾಕಿದ್ದು ಯಾರು?"

ಸ್ಟೋರ್ ಕೀಪರ್ ಪೆಟ್ಟಿಗೆಯ ಮೇಲಿದ್ದ ಗುತ್ತಿಗೆದಾರನ ಹೆಸರು ನೋಡಿದರು. ಆ ಕ್ಷಣದಲ್ಲೇ ನಾನು ನಿರ್ಧಾರ ಮಾಡಿದೆ. ಹಾಲ್‌ಗೆ ವಾಪಸ್ ಹೋಗಿ ಪ್ರೊಜೆಕ್ಟರ್ ಆರಿಸಿ, ಇವತ್ತಿನ ಪಾಠ ಗೋಡೌನಿನಲ್ಲಿ, ಪೆನ್ನು ಹಾಳೆ ತಗೊಂಡು ಬನ್ನಿ ಎಂದೆ. ತಂಡದಲ್ಲಿ ಇಪ್ಪತ್ತಾರು ಜನ. ಕಡೂರಿನಲ್ಲಿ ಪೊರಕೆಯ ಮಾತೆತ್ತಿದ ಆ ಅಜ್ಜಂಪುರದ ವಾರ್ಡನ್ ಕೂಡ, ತಮ್ಮ ಹೊಸ ಗುಮಾಸ್ತೆಯನ್ನು ಕರೆದುಕೊಂಡು, ಆ ದಿನ ಅಲ್ಲಿಗೆ ಬಂದಿದ್ದರು. ತಪಾಸಣೆ ನನ್ನ ಪಠ್ಯದ ಭಾಗವೇ ಆದ್ದರಿಂದ ಯಾರ ಅನುಮತಿಯೂ ಬೇಕಿರಲಿಲ್ಲ. ಬೇಕಿದ್ದರೂ ನಾನು ಕೇಳುತ್ತಿರಲಿಲ್ಲ.

ಇಬ್ಬಿಬ್ಬರ ಜೋಡಿ ಮಾಡಿ, ಅರ್ಧ ಜನಕ್ಕೆ ಹೆಂಗಸರ ಕಟ್ಟು, ಅರ್ಧ ಜನಕ್ಕೆ ರಟ್ಟಿನ ಪೆಟ್ಟಿಗೆ ಕೊಟ್ಟೆ. ಅದೇ ಪಟ್ಟಿ, ಅದೇ ಅಂಶಗಳು. ಟೇಪು ಅಳತೆ ಹಿಡಿದು ಕಡ್ಡಿಯ ಉದ್ದ ನೋಡಿದರು, ತಕ್ಕಡಿಗೆ ಹಾಕಿದರು, ಹುರಿ ಎಳೆದು ನೋಡಿದರು. ಹೆಂಗಸರ ಪೊರಕೆ ಪ್ರತಿಯೊಂದೂ ತೂಕದಲ್ಲಿ ಅರ್ಧ ಕೆಜಿ ದಾಟಿತ್ತು. ಅಲ್ಲೂ ಕೊಸರು! ಎಣಿಕೆ ಮಾತ್ರ ಎಲ್ಲ ಕಟ್ಟಿನಲ್ಲೂ ಹನ್ನೊಂದು.

ಆಮೇಲೆ ಪೆಟ್ಟಿಗೆಯ ಕಡೆಯಿಂದ ಒಬ್ಬ ಪಿಡಿಒ, "ಮೇಡಂ, ಇಲ್ಲಿ ಇಪ್ಪತ್ತೆರಡೇ ಅವೆ ಕಣ್ರೀ" ಎಂದರು. ಇನ್ನೊಂದು ಸಲ ಎಣಿಸಿ ಎಂದೆ. ಇಪ್ಪತ್ತೆರಡೇ. ಹತ್ತು ಪೆಟ್ಟಿಗೆ ತೆರೆದಾಗ ನಾಲ್ಕರಲ್ಲಿ ಕಡಿಮೆ ಇತ್ತು, ಒಂದರಲ್ಲಿ ಮೂರು ಪೊರಕೆಯೇ ಇರಲಿಲ್ಲ. ಸ್ಟೋರ್ ಕೀಪರ್ ತಾವೇ ಬಂದು ಮಂಡಿಯೂರಿ ಆ ಮೊದಲ ಪೆಟ್ಟಿಗೆಯನ್ನು ಮೂರನೇ ಸಲ ಎಣಿಸಿದರು. ಪ್ರಾಮಾಣಿಕ ಮನುಷ್ಯ, ಇವತ್ತಿಗೂ ಹಾಗೇ ಹೇಳುತ್ತೇನೆ. ಅಚ್ಚಿನ ಅಕ್ಷರವನ್ನು ನಂಬಿದರು, ಕೈಯಲ್ಲಿ ಕಟ್ಟಿದ್ದನ್ನು ಮಾತ್ರ ಬಿಚ್ಚಿ ನೋಡಿದರು. ಎರಡನ್ನೂ ಬಿಚ್ಚಿ ನೋಡಿ ಎಂದು ನಾನೂ ಎಲ್ಲೂ ಕಲಿಸಿರಲಿಲ್ಲ.

ಎಣಿಕೆಯ ಹಾಳೆಗೆ ಸಹಿ ಹಾಕಿ ಎಂದಾಗ ಎಲ್ಲರೂ ಹಿಂದೆ ಸರಿದರು. ನಾಳೆ ಇದೇ ಸಹಾಯಕ ನಿರ್ದೇಶಕರ ಕೈಕೆಳಗೆ ಕೆಲಸ ಮಾಡಬೇಕಾದವರು ಅವರು. ಒಬ್ಬರು ನೀರು ಕುಡಿಯಲು ಹೋದರು, ಇನ್ನೊಬ್ಬರಿಗೆ ಫೋನ್ ಬಂತು. ನನಗೆ ಎಲ್ಲರನ್ನೂ ಬೈದುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅಜ್ಜಂಪುರದ ವಾರ್ಡನ್ ಪೆನ್ನು ಕೈಗೆತ್ತಿಕೊಂಡರು.

"ಎಣಿಸಿದ್ದು ನನ್ನ ಕೈಯಿ. ಬರೆಯೋಕೇನು ಭಯ? ಕೊಡ್ರೀ ಇಲ್ಲಿ."

ಅವರ ಹಿಂದೆ ಒಬ್ಬೊಬ್ಬರಾಗಿ ಇಪ್ಪತ್ತೊಂದು ಜನ ಸಹಿ ಹಾಕಿದರು. ಉಳಿದವರನ್ನು ನಾನು ಬಲವಂತ ಮಾಡಲಿಲ್ಲ.

ಸಹಾಯಕ ನಿರ್ದೇಶಕರು ಜೀಪಿನಲ್ಲಿ ಬಂದಿಳಿದಾಗ ಊಟದ ಹೊತ್ತಾಗಿತ್ತು. ತೆರೆದ ಪೆಟ್ಟಿಗೆಗಳನ್ನು ನೋಡಿ ಅವರ ನಗು ಹೋಯಿತು.

"ಆ ಪೆಟ್ಟಿಗೆ ಮುಟ್ಟೋಕೆ ನಿಮಗೆ ಯಾರ್ ಹೇಳಿದ್ದು? ಅದು ಬೇರೆ ಫೈಲು."

"ಪೊರಕೆ ಎರಡೂ ಒಂದೇ ಗೋಡೌನಲ್ಲಿವೆ ಸರ್. ಪಟ್ಟಿಯೂ ಒಂದೇ. ಕಡಿಮೆ ಇದ್ದದ್ದು ಒಳಗೆ, ಹೆಚ್ಚು ಇದ್ದದ್ದು ಆಚೆ. ಎರಡೂ ಹಾಳೆ ಒಟ್ಟಿಗೆ ಆಕ್ಷೇಪಣೆ ಜೊತೆ ಹೋಗುತ್ತೆ."

ಅವರು ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿದರು. ಆಮೇಲೆ ದನಿ ತಗ್ಗಿಸಿ ಒಂದು ಷರತ್ತು ಹಾಕಿದರು. ಏಳನೇ ಅಂಶ ತಪ್ಪಾಗಿ ಬರೆದದ್ದು ತರಬೇತುದಾರರು, ಅದರಿಂದ ಈ ಗೊಂದಲ ಎಂದು ನಾನು ಲಿಖಿತವಾಗಿ ಕೊಟ್ಟರೆ, ಹೆಚ್ಚುವರಿ ಹಿಂತಿರುಗಿಸುವ ಷರತ್ತಿನ ಮೇಲೆ ಆರುನೂರನ್ನು ಸ್ವೀಕರಿಸುತ್ತಾರಂತೆ. ಅಂದರೆ ಫೈಲಿನಲ್ಲಿ ತಪ್ಪು ಒಬ್ಬಳದೇ, ನನ್ನದು. ಅಂಥ ಪತ್ರ ಬರೆದುಕೊಟ್ಟವರನ್ನು ಮುಂದಿನ ತರಬೇತಿಗೆ ಯಾರೂ ಕರೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊರಗೆ ಕಟ್ಟೆಯ ಮೇಲೆ ಆ ಮೂವರು ಬೆಳಿಗ್ಗೆಯಿಂದ ಏನೂ ತಿನ್ನದೆ ಕೂತಿದ್ದರು. ನಾನು ಅಲ್ಲೇ ನಿಂತು, ಸ್ಟೋರ್ ಕೀಪರ್ ಮೇಜಿನ ಮೇಲೆ, ಅರ್ಧ ಪುಟ ಬರೆದು ಸಹಿ ಹಾಕಿದೆ. ಸುಳ್ಳೇನೂ ಬರೆಯಲಿಲ್ಲ. ತಪ್ಪು ನನ್ನದು ಇದ್ದೇ ಇತ್ತು. ನನ್ನದೊಂದೇ ಅಲ್ಲ ಎಂಬುದನ್ನು ಬರೆಯಲು ಮಾತ್ರ ಆ ಕಾಗದದಲ್ಲಿ ಅವಕಾಶ ಕೊಡಲಿಲ್ಲ. ಎಣಿಕೆಯ ಹಾಳೆಗಳನ್ನು ಆಕ್ಷೇಪಣೆಗೆ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಪ್ಲಾಸ್ಟಿಕ್ ಪೊರಕೆಯ ವಿಷಯ ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು ಎಂಬ ಉತ್ತರ ಬಂದಿದೆ. ಇನ್ನೂ ಪರಿಶೀಲಿಸುತ್ತಲೇ ಇದ್ದಾರೆ.

ಕಷ್ಟದ ಕೆಲಸ ಉಳಿದದ್ದು ಆಮೇಲೆ. ಪ್ರತಿ ಕಟ್ಟು ಬಿಚ್ಚಿ ಒಂದೊಂದು ಪೊರಕೆ ತೆಗೆದು, ಅರವತ್ತನ್ನೂ ಗೇಟ್ ಪಾಸ್ ಮೇಲೆ ವಾಪಸ್ ಕಳಿಸಬೇಕು. ಅಧ್ಯಕ್ಷೆಗೆ ಹೇಳಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ಕೊಸರು ಕೊಟ್ಟ್ಮೇಲೆ ವಾಪಸ್ ಈಸ್ಕೊಂಡು ಹೋಗೋದಾ? ಊರಲ್ಲಿ ಮಖ ಹೆಂಗ್ ತೋರ್ಸ್ಲಿ? ಬೇಡ್ವಾದ್ರೆ ನೀವೇ ಆಚೆ ಬಿಸಾಕ್ರಿ."

"ಬಿಸಾಕೋ ಹಾಗಿಲ್ಲ ಅಕ್ಕಾ. ನೀವು ತಗೊಂಡ್ ಹೋಗ್ದಿದ್ರೆ ಆರುನೂರೂ ಹೋಗ್ತವೆ. ಎರಡು ವರ್ಷ ನಿಮ್ಮ ಹೆಸರೂ ಹೋಗ್ತದೆ."

ಜೊತೆಯ ಹೆಂಗಸರಲ್ಲಿ ಒಬ್ಬರು ಅವರ ಕೈ ಹಿಡಿದು, "ತಗೊಳ್ಳೇ ಅಕ್ಕಾ, ಮನೇಲಿ ಎಲ್ಲರೂ ಕಾಯ್ತಾ ಅವ್ರೆ" ಎಂದರು. ಅಧ್ಯಕ್ಷೆ ಕೂತು ತಾವೇ ಕಟ್ಟು ಬಿಚ್ಚತೊಡಗಿದರು. ಸ್ಟೋರ್ ಕೀಪರ್ ಹೋಗಿ ಅವರ ಪಕ್ಕ ಕೂತು ಬಿಚ್ಚಿದರು. ನಾನೂ ಬಿಚ್ಚಿದೆ. ಕಟ್ಟನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ನನ್ನ ಉಗುರು ಮುರಿಯಿತು.

ಅಜ್ಜಂಪುರದ ಮೂರನೇ ತಂಡ ಮುಗಿಸಿದ ಮೇಲೆ ಮುಂದಿನ ತರಬೇತಿಗಳಿಗೆ ಬೇರೆಯವರನ್ನು ಕರೆದರು. ಏಳನೇ ಅಂಶವನ್ನು ನಾನು ತಿದ್ದಿದ್ದೆ: ಕಡಿಮೆ ಇದ್ದರೆ ಮಾತ್ರ ತಿರಸ್ಕಾರ, ಹೆಚ್ಚಿದ್ದರೆ ಹಿಂತಿರುಗಿಸಿ ಸ್ವೀಕರಿಸಿ, ಅಚ್ಚಾದ ಪೆಟ್ಟಿಗೆಯನ್ನೂ ತೆರೆದೇ ಎಣಿಸಿ. ಅದನ್ನಾದರೂ ಉಳಿಸಿಕೊಂಡಿದ್ದಾರೆಂದು ಕೇಳಿದೆ.

ಅಜ್ಜಂಪುರದ ಹಾಸ್ಟೆಲ್‌ಗಳಿಗೆ ಅದೇ ಸಂಘಕ್ಕೆ ಎರಡನೇ ಆರ್ಡರ್ ಸಿಕ್ಕಿತು. ಮಾಲು ಇಳಿಸುವ ದಿನ ನಾನು ನನ್ನ ಖರ್ಚಿನಲ್ಲಿ ಬಸ್ ಹತ್ತಿ ಹೋದೆ. ಮಾದರಿ ಕಟ್ಟು ಬಿಚ್ಚಿದರು. ಹತ್ತು. ಇನ್ನೊಂದರಲ್ಲೂ ಹತ್ತು. ಇಪ್ಪತ್ತು ನಿಮಿಷಕ್ಕೆ ಸ್ವೀಕೃತಿ ಪತ್ರ ಸಿಕ್ಕಿತು. ತೂಕಕ್ಕೆ ಹಾಕಿದ ಪೊರಕೆ ಸರಿಯಾಗಿ ಅರ್ಧ ಕೆಜಿ ತೂಗಿತು. ಒಂದು ಕಡ್ಡಿಯೂ ಮೇಲಿರಲಿಲ್ಲ.

"ಕೊಸರು ಬಿಟ್ಟೇಬಿಟ್ರಾ ಅಕ್ಕಾ?" ಎಂದೆ.

"ಸಂತೇಲಿ ಕೊಡ್ತೀವಿ ಮೇಡಮ್ಮೋರೇ," ಎಂದರು ಅಧ್ಯಕ್ಷೆ, ಪತ್ರವನ್ನು ಮಡಚುತ್ತಾ. "ಅಲ್ಲಿ ಕೊಟ್ರೆ ನಗ್ತಾ ಈಸ್ಕೊತಾರೆ. ಇಲ್ಲಿ ಕೊಟ್ರೆ ಕಳ್ಳರ ತರ ನೋಡ್ತಾರೆ."

ಮೂರೂ ತಂಡಗಳ ಅಂತಿಮ ವರದಿ ನಾನು ಕಳಿಸಬೇಕಿತ್ತು. ಅದರಲ್ಲಿ ಒಂದು ಕಾಲಂ ಇದೆ: ತರಬೇತಿಯ ನಂತರ ಪೂರೈಕೆದಾರರಲ್ಲಿ ಕಂಡುಬಂದ ಸುಧಾರಣೆ. ಅದೊಂದನ್ನು ಖಾಲಿ ಬಿಟ್ಟು ಕಳಿಸಿದೆ. ತುಂಬಿಸಿ ಕಳಿಸಿ ಎಂದು ಎರಡು ಸಲ ಫೋನ್ ಬಂದಿದೆ. ನಾನು ತುಂಬಿಸಿಲ್ಲ, ತುಂಬಿಸುವುದೂ ಇಲ್ಲ.